ಮೊದಲ ಅರ್ಧ ಗಂಟೆಯ ನೀರು

ಆ ಇಳಿಜಾರು ಬಡಾವಣೆಯಲ್ಲಿ ಗೇಟಕ್ಕನ ಮಾತಿಗಿಂತ ಅವಳ ಗಡಿಯಾರಕ್ಕೆ ಹೆಚ್ಚು ಬೆಲೆ. ಮಳೆ ಬಂದರೆ ತಾರಸಿಗಳ ನೀರು, ಬೀದಿಗಳ ನೀರು ಎಲ್ಲವೂ ಚರಂಡಿ ಹಿಡಿದು ಕೆಳಗಿನ ಮೂಲೆಗೆ ಬರುತ್ತದೆ. ಅಲ್ಲಿ ಗೇಟಕ್ಕ ಕಾಯುವ ಒಂದು ಕಬ್ಬಿಣದ ಗೇಟು. ಅದರ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ನೀರು ದೊಡ್ಡ ಮೋರಿ ಸೇರಿ ಊರಾಚೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಮರಳಿನಲ್ಲಿ ಸೋಸಿ ನೆಲದಡಿಯ ತೊಟ್ಟಿಗೆ, ಅಲ್ಲಿಂದ ಮುನ್ನೂರು ಮನೆಗಳ ನಲ್ಲಿಗೆ. ನಿಯಮ ಒಂದೇ: ಮೊದಲ ಅರ್ಧ ಗಂಟೆ ಎಡಕ್ಕೆ. ಬೀದಿ ಮೊದಲು ಮೈ ತೊಳೆದುಕೊಳ್ಳಲಿ, ನಮ್ಮ ಬಾಯಿಗೆ ಬರುವುದು ಆಮೇಲೆ.

ಹತ್ತೊಂಬತ್ತು ವರ್ಷ ಅವಳು ಈ ನಿಯಮವನ್ನು ಒಂದು ನಿಮಿಷವೂ ಸಡಿಲಿಸಿದವಳಲ್ಲ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಚಕ್ರಕ್ಕೆ ಕೈ ಹಾಕಿದ ಬಡಾವಣೆ ಸಂಘದ ಅಧ್ಯಕ್ಷರನ್ನು ಕೊಡೆಯಿಂದ ತಿವಿದಿದ್ದಳು ಎಂದು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಕೊಡೆಯ ಮಾತು ಸುಳ್ಳು, ಭುಜದಿಂದ ನೂಕಿದ್ದು ನಿಜ. ಅವಳ ತಮ್ಮನಿಗಂತೂ ಅಕ್ಕನೆಂದರೆ ಬಲು ಹೆಮ್ಮೆ. ಇಳಿಜಾರಿನ ಮೇಲ್ತುದಿಯಲ್ಲಿ ಅವನದೊಂದು ಶೆಡ್ಡು ಇದೆ. ನಲ್ಲಿ, ಚಿಲಕ, ಸೈಕಲ್ಲಿನ ಹ್ಯಾಂಡಲ್ಲುಗಳಿಗೆ ಕ್ರೋಮ್ ಹೊಳಪು ಕೊಡುವ ಕೆಲಸ. ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ, ಮಗಳು, ಮಗಳ ಮೂರು ತಿಂಗಳ ಕೂಸು ಎಲ್ಲ ಅಲ್ಲೇ. "ಬೇರೆ ಯಾರು ತಪ್ಪಿದ್ರೂ ನಮ್ಮಕ್ಕ ತಪ್ಪಲ್ಲ" ಎಂದು ಅವನು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಈ ವರ್ಷ ಏಳು ತಿಂಗಳು ಒಂದು ಹನಿ ಬೀಳಲಿಲ್ಲ. ಆಮೇಲೆ ಮೂರು ಸಲ ಮಳೆ ಬಂತು, ಮೂರು ಸಲವೂ ಕಾಲು ಗಂಟೆ ಸುರಿದು ನಿಂತುಬಿಟ್ಟಿತು. ಅಷ್ಟೂ ನೀರು ಮೋರಿಯ ಪಾಲಾಯಿತು. ಕೊಡ ಹಿಡಿದು ನಿಂತ ಜನರ ಕಣ್ಣೆದುರೇ ಅದು ಬುಳುಬುಳು ಎಂದು ಹರಿದುಹೋಯಿತು. ಮೂರನೆಯ ಸಲ ಯಾರೋ ಹೆಂಗಸು, "ಇನ್ಮೇಲೆ ಆ ಗಡಿಯಾರನೇ ಅರೆದು ಕುಡಿಸು ಗೇಟಕ್ಕ" ಎಂದಳು. ಯಾರೂ ನಗಲಿಲ್ಲ. ಅವತ್ತು ಗೇಟಕ್ಕನಿಗೆ ಊಟ ಸೇರಲಿಲ್ಲ.

ಮರುದಿನ ಸಂಘದ ಕಾರ್ಯದರ್ಶಿ ಗೇಟಿನ ಪಕ್ಕದ ಪಂಪಿನ ಕೋಣೆಗೆ ಬಂದ. ತೊಟ್ಟಿಯ ಮುಚ್ಚಳ ಸರಿಸಿ ಒಳಗೆ ಬ್ಯಾಟರಿ ಬೆಳಕು ಬಿಟ್ಟ. ತಳದಲ್ಲಿ ಮೊಣಕಾಲುದ್ದದ ರಾಡಿ ಬಿಟ್ಟರೆ ಏನೂ ಇರಲಿಲ್ಲ.

"ಈ ಸಲ ಮೊದಲನೇ ಹನಿಯಿಂದಲೇ ಒಳಗೆ ತಗೊಳ್ಳಿ" ಎಂದ.

"ಆಗಲ್ಲ ಸರ್."

"ಮೂರು ಮಳೆ ಬೀದಿ ತೊಳೆದಾಗಿದೆ. ಮರಳಿದೆ, ಕ್ಲೋರಿನ್ ಇದೆ. ಇನ್ನೇನು ಬೇಕು ನಿಮಗೆ?"

"ಹಾಗಾದ್ರೆ ಜನಕ್ಕೆ ಹೇಳಿ ತಗೊಳ್ಳೋಣ."

"ಹೇಳಿದ್ರೆ ಯಾರಾದ್ರೂ ಕುಡೀತಾರಾ? ಒಬ್ಬ ಅನುಮಾನ ಪಟ್ರೆ ಮುಗೀತು. ಇದು ನಿಮ್ಮಲ್ಲಿ, ನನ್ನಲ್ಲಿ ಇರಲಿ."

ಗಡಿಯಾರ ಅರೆದು ಕುಡಿಸು ಎಂದ ದನಿ ಗೇಟಕ್ಕನ ಕಿವಿಯಲ್ಲೇ ಇತ್ತು. ಕೊನೆಗೆ ಒಪ್ಪಿ ತಲೆಯಾಡಿಸಿದಳು. ಸಂಜೆ ಇಳಿಜಾರು ಹತ್ತಿ ಚರಂಡಿಗಳನ್ನೆಲ್ಲ ಒಂದೊಂದಾಗಿ ಬಗ್ಗಿ ನೋಡಿದಳು. ಎಲ್ಲವೂ ಚೊಕ್ಕಟವಾಗಿದ್ದವು. ತಮ್ಮನ ಶೆಡ್ಡಿನ ಮುಂದೆಯೂ ಗುಡಿಸಿ ಸಾರಿಸಿದಂತಿತ್ತು. ಒಳಗೆ ಹೋದರೆ ಬಾಯಿ ತಡೆಯದೆ ಹೇಳಿಬಿಟ್ಟೇನು ಎಂದುಕೊಂಡು ಬಾಗಿಲಿನಿಂದಲೇ ವಾಪಸಾದಳು.

ಮೂರನೆಯ ದಿನ ಮಧ್ಯಾಹ್ನವೇ ಆಕಾಶ ಸೀದ ಬಾಣಲೆಯ ತಳದಂತಾಯಿತು. ಗಾಳಿ ಪೂರ್ತಿ ನಿಂತಿತ್ತು. ಮೊದಲ ಹನಿ ಬೀಳುವಾಗಲೇ ಗೇಟಕ್ಕ ಚಕ್ರ ಹಿಡಿದಳು. ಅಷ್ಟು ವರ್ಷ ಮೊದಲ ಹನಿಗೆ ಎಡಕ್ಕೆ ಹೊರಳಿ ರೂಢಿಯಾದ ಕೈ ಬಲಕ್ಕೆ ಹೊರಳಲು ಒಪ್ಪಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು. ನೀರು ದಡದಡನೆ ತೊಟ್ಟಿಗೆ ಧುಮುಕಿತು.

ಮೊದಲು ಕಪ್ಪಗೆ ಬಂತು, ಆಮೇಲೆ ಬೂದುಬಣ್ಣ. ತೊಟ್ಟಿಗೆ ನೀರು ಬಿಟ್ಟಾಗಲೆಲ್ಲ ಮಾಡುವಂತೆ, ಹತ್ತನೇ ನಿಮಿಷಕ್ಕೆ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ನೀರಿನಲ್ಲಿ ತುಸು ಹಳದಿ ಇತ್ತು. ಮಣ್ಣಿನ ಹಳದಿಯನ್ನು ಅವಳು ಬಲ್ಲಳು, ಕೊಳೆತ ಎಲೆಯ ಹಳದಿಯನ್ನೂ ಬಲ್ಲಳು. ಇದು ಅವೆರಡೂ ಅಲ್ಲ. ಮಣ್ಣಿನದಾದರೆ ತಳದಲ್ಲಿ ಕೂರಬೇಕಿತ್ತು, ಇದು ಕೂರಲಿಲ್ಲ. ಬೇರೆ ಮಳೆಯಲ್ಲಾದರೆ ಆಗಲೇ ಗೇಟು ಎಡಕ್ಕೆ ಹೊರಳಿರುತ್ತಿತ್ತು. ಆದರೆ ಮೇಲಿನ ಬೀದಿಯಲ್ಲಿ ಜನ ನೆನೆಯುತ್ತಾ ನಿಂತಿದ್ದರು, ನಿಲ್ಲದ ಮಳೆ ಕಂಡು ಕೇಕೆ ಹಾಕುತ್ತಿದ್ದರು. ಗೇಟಕ್ಕ ಲೋಟದ ನೀರನ್ನು ಚೆಲ್ಲಿದಳು. ತಾರಸಿಗಳ ಹಳೇ ಬಣ್ಣ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕ್ಲೋರಿನ್ ಪುಡಿಯನ್ನು ಎಂದಿಗಿಂತ ಎರಡು ಹಿಡಿ ಹೆಚ್ಚು ಹಾಕಿದಳು.

ಮಳೆ ನಲವತ್ತು ನಿಮಿಷಕ್ಕೆ ನಿಂತಿತು. ತೊಟ್ಟಿ ಅರ್ಧ ತುಂಬಿತ್ತು. ಸಂಜೆ ಆರಕ್ಕೆ ನಲ್ಲಿ ಬಿಟ್ಟರು. ಬೀದಿಗಳಲ್ಲಿ ಕೊಡಗಳ ಸದ್ದು, ನಗು. ಗಡಿಯಾರದ ಮಾತಾಡಿದ ಹೆಂಗಸೇ ಬಂದು ಅವಳ ಕೈ ಹಿಡಿದುಕೊಂಡಳು. ತನ್ನ ಮನೆಯ ನಲ್ಲಿಯಿಂದ ಮಾತ್ರ ಗೇಟಕ್ಕ ಅವತ್ತು ಕುಡಿಯಲಿಲ್ಲ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ತಮ್ಮ ಸಿಳ್ಳೆ ಹಾಕುತ್ತಾ ಬಂದ. ಸೀದಾ ಅಡುಗೆಮನೆಗೆ ನುಗ್ಗಿ ನಲ್ಲಿ ತಿರುಗಿಸಿ ಲೋಟ ತುಂಬಿಕೊಂಡು ಗಟಗಟನೆ ಕುಡಿದ. ಇನ್ನೊಂದು ಲೋಟ ತುಂಬಿಸಿದ.

"ಅಬ್ಬಾ, ತಲೆ ಮೇಲಿನ ಭಾರ ಇಳೀತು ಅಕ್ಕ" ಎಂದ. "ಏಳು ತಿಂಗಳಿಂದ ಆರು ಡ್ರಮ್ಮು ಹಾಗೇ ಕೂತಿತ್ತು."

"ಯಾವ ಡ್ರಮ್ಮು?"

"ಶೆಡ್ಡಿನ ತೊಟ್ಟಿಗಳಲ್ಲಿ ಕೆಟ್ಟ ಹಳದಿ ಕ್ರೋಮ್ ನೀರು, ಬರೀ ವಿಷ. ಹಿಂದಿನ ಮೂರು ಸಲ ನಾನು ಪೈಪು ಜೋಡಿಸೋದ್ರೊಳಗೆ ಮಳೆನೇ ನಿಂತೋಗಿತ್ತು. ಈ ಸಲ ಮೊದಲೇ ಜೋಡಿಸಿಟ್ಟಿದ್ದೆ. ಹನಿ ಬಿದ್ದಿದ್ದೇ ತಡ, ಎಲ್ಲಾ ಚರಂಡಿಗೆ ಬಿಟ್ಟೆ."

ಗೇಟಕ್ಕ ಅವನನ್ನೇ ದಿಟ್ಟಿಸಿ ಕೇಳಿದಳು. "ಯಾವಾಗಿನಿಂದ ಹೀಗೆ ಬಿಡ್ತಿದೀಯ?"

"ಶೆಡ್ಡು ಹಾಕಿದಾಗಿನಿಂದ. ಯಾಕೆ ಹಾಗೆ ನೋಡ್ತೀಯ? ನಾನೇನು ತಿಳಿಗೇಡಿನಾ? ನಿನ್ನ ಅರ್ಧ ಗಂಟೆ ಬಿಟ್ಟು ಆಚೆ ಒಂದು ತೊಟ್ಟೂ ಬಿಟ್ಟವನಲ್ಲ. ಮೊದಲ ನೀರು ಮೋರಿಗೆ ತಾನೇ ಹೋಗೋದು."

"ಹೋಗಲಿಲ್ಲ ಕಣೋ."

ಅವನು ನಕ್ಕ. ಅಕ್ಕ ತಮಾಷೆ ಮಾಡುವವಳಲ್ಲ ಎಂಬುದು ನೆನಪಾಗುವಷ್ಟರಲ್ಲಿ ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಲೋಟವನ್ನು ನೋಡಿದ. ಹಾಗೇ ಮೆಲ್ಲಗೆ ಕಟ್ಟೆಯ ಮೇಲಿಟ್ಟ.

"ಕೂಸಿಗೆ ಹಾಲಿನ ಪುಡಿ ಕಲಸ್ತಿದ್ರು, ನಾನು ಬರೋವಾಗ" ಎಂದ. ಮರುಕ್ಷಣ ಬರಿಗಾಲಲ್ಲೇ ಇಳಿಜಾರು ಏರಿ ಓಡಿದ.

ಗೇಟಕ್ಕ ಪಂಪಿನ ಕೋಣೆಗೆ ಓಡಿ ದೊಡ್ಡ ವಾಲ್ವ್ ಮುಚ್ಚಿದಳು. ಕಾರ್ಯದರ್ಶಿಗೆ ಫೋನು ಮಾಡಿ ಉಸಿರು ಸಿಕ್ಕಿದಷ್ಟು ಹೇಳಿದಳು. ಅವನು, "ಪಂಪು ಕೆಟ್ಟಿದೆ ಅನ್ನಿ. ತಮ್ಮನ ಹೆಸರೆತ್ತಿದ್ರೆ ಜನ ಅವನನ್ನ ಉಳಿಸಲ್ಲ, ನಿಮ್ಮನ್ನೂ ಉಳಿಸಲ್ಲ" ಎಂದ. ಜನರ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಮ್ಮನನ್ನು ಎತ್ತಿ ಆಡಿಸಿದ ಕೈಗಳು ಅವಳವು. ಆದರೆ ಮನೆಮನೆಯಲ್ಲೂ ಕೊಡಗಳು ತುಂಬಿ ಕೂತಿದ್ದವು. ವಾಲ್ವ್ ಮುಚ್ಚಿದರೆ ಕೊಡದ ನೀರು ಮಾಯವಾಗುವುದಿಲ್ಲ. ಅವಳು ಫೋನು ಇಟ್ಟು ಬೀದಿಗಿಳಿದಳು, ಮೊದಲ ಮನೆಯ ಬಾಗಿಲು ಬಡಿದಳು.

ಒದ್ದೆ ಕೈ ಒರೆಸಿಕೊಳ್ಳುತ್ತಾ ಆ ಮನೆಯ ತಾಯಿ ಬಾಗಿಲು ತೆಗೆದಳು. ಮುಖ ಅರಳಿತು.

"ಬಾ ಗೇಟಕ್ಕ. ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. "ನಿನ್ನೆ ಮನೆಮಂದಿಯೆಲ್ಲ ಹೊಟ್ಟೆ ತುಂಬಾ ಕುಡಿದ್ವಿ. ಚಿಕ್ಕವಳಂತೂ ಆಸೆಬುರುಕಿ, ಕುಡಿದೂ ಕುಡಿದೂ ಬೆಳಗಿನ ಜಾವದಿಂದ ವಾಂತಿ ಮಾಡ್ಕೋತಿದಾಳೆ. ಸುಸ್ತಾಗಬಾರದು ಅಂತ ಈಗ ತಾನೇ ಮತ್ತೆರಡು ಲೋಟ ನೀರು ಕುಡಿಸಿ ಮಲಗಿಸಿದೆ."