ಎಂಟನೆಯ ಹೆಜ್ಜೆ

ಅವಳ ಹತ್ತಿರ ಅಣ್ಣನ ಒಂದು ವಿಡಿಯೋ ಕೂಡ ಇರಲಿಲ್ಲ. ಮನೆಯ ಸಮಾರಂಭಗಳಲ್ಲೆಲ್ಲ ಕ್ಯಾಮೆರಾ ಹಿಡಿಯುತ್ತಿದ್ದವನು ಅವನೇ. ಹಾಗಾಗಿ ಚಿಕ್ಕಪ್ಪನ ಬೊಕ್ಕತಲೆ ಇತ್ತು, ಅತ್ತೆಯರ ಮುನಿಸು ಇತ್ತು, ಯಾರದೋ ಮಗುವಿನ ಸಿಂಬಳ ಕೂಡ ಇತ್ತು. ಅವನೊಬ್ಬ ಇರಲಿಲ್ಲ. ಮೂರು ವರ್ಷದ ಹಿಂದೆ ಬಚ್ಚಲಮನೆಯಲ್ಲಿ ಬಿದ್ದವನು ಏಳಲೇ ಇಲ್ಲ. ಉಳಿದದ್ದು ನಾಲ್ಕು ಫೋಟೋ. ಎರಡರಲ್ಲಿ ಕಣ್ಣು ಮುಚ್ಚಿದ್ದ.

ಆದರೆ ಅವನ ನಡಿಗೆ ಉಳಿದಿತ್ತು.

ಅಣ್ಣ ತಂಗಿ ಇಬ್ಬರೂ ಒಂದೇ ಕಂಪನಿಯಲ್ಲಿದ್ದರು. ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ ತಯಾರಿಸುವ ಕಂಪನಿ. ಆ ಯಂತ್ರಕ್ಕೆ ಆಟ ಮಾಡುವವರು ಹೊರಗಿನವರು. ಅವರಿಗೆ ಬೇಕಾದ ಸಲಕರಣೆಗಳನ್ನೆಲ್ಲ ಒಟ್ಟುಗೂಡಿಸಿ ಕಂಪನಿಯೇ ಕೊಡುತ್ತಿತ್ತು. ಅದನ್ನು ಕಿಟ್ ಎನ್ನುತ್ತಿದ್ದರು. ಕಿಟ್‌ನ ಕೈಪಿಡಿ ಬರೆಯುವುದು ತಂಗಿಯ ಕೆಲಸ. ಕಲಿಯುವವರಿಗಾಗಿ ಅದರಲ್ಲೊಂದು ಮಾದರಿ ಆಟ ಇಡುವುದು ಅಣ್ಣನ ಕೆಲಸವಾಗಿತ್ತು.

ಮಾದರಿ ಆಟಕ್ಕೆ ನಡೆಯುವ ಮನುಷ್ಯನೊಬ್ಬ ಬೇಕಿತ್ತು. ಗೊತ್ತುಮಾಡಿದ್ದ ನಟ ಆ ದಿನ ಕೈಕೊಟ್ಟ. ಕೊನೆಗೆ ಅಣ್ಣನೇ ಮೈತುಂಬ ಬಿಳಿ ಗುಂಡಿಗಳಿದ್ದ ಕರಿ ಬಟ್ಟೆ ತೊಟ್ಟು, ಖಾಲಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದ. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಉರುಳಿದ್ದರಿಂದ ಅವನ ಬಲಗಾಲು ತುಸು ಎಳೆಯುತ್ತಿತ್ತು. ಎಂಟನೆಯ ಹೆಜ್ಜೆಗೆ ಸರಿಯಾಗಿ ತಂಗಿ ಬಾಗಿಲು ತೆಗೆದು, "ಅಣ್ಣಾ, ಊಟಕ್ಕೆ ಬರ್ತೀಯೋ, ನಾನೇ ನಿನ್ ಡಬ್ಬಿ ಖಾಲಿ ಮಾಡ್ಲೋ?" ಎಂದು ಕೂಗಿದಳು. ಅವನು ಎಡಕ್ಕೆ ತಿರುಗಿ ನೋಡಿದ. ಮುಖ ಬಿಟ್ಟು ಆ ಗುಂಡಿಗಳ ಚಲನೆಯನ್ನಷ್ಟೇ ದಾಖಲಿಸುವ ಕ್ಯಾಮೆರಾಗಳು ಅದನ್ನೂ ಹಿಡಿದವು. ಆ ಬಾಲವನ್ನು ಕತ್ತರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಆಟ ಮಾಡುವವರು ಸೋಮಾರಿಗಳು. ಮಾದರಿಯ ಮನುಷ್ಯನನ್ನೇ ತಮ್ಮ ಆಟಕ್ಕೆ ಎತ್ತಿಕೊಂಡು ಬಟ್ಟೆ ಬದಲಿಸಿದರು, ಮುಖ ಬದಲಿಸಿದರು, ನಡಿಗೆ ಹಾಗೇ ಬಿಟ್ಟರು. ಅಣ್ಣ ಸತ್ತ ಮೇಲೆ ಅವಳಿಗೆ ಅವನು ಎಲ್ಲೆಂದರಲ್ಲಿ ಕಾಣತೊಡಗಿದ. ಒಂದು ಆಟದಲ್ಲಿ ಮುದಿ ರಾಜ, ಇನ್ನೊಂದರಲ್ಲಿ ಕಸ ಗುಡಿಸುವವನು, ಮತ್ತೊಂದರಲ್ಲಿ ತಲೆಯಿಲ್ಲದ ಹೆಣ. ಎಲ್ಲರೂ ಬಲಗಾಲು ಎಳೆದರು. ಎಂಟನೆಯ ಹೆಜ್ಜೆಗೆ ಎಲ್ಲರೂ ಎಡಕ್ಕೆ ತಿರುಗಿದರು. ತಲೆಯಿಲ್ಲದವನು ಕತ್ತನ್ನಷ್ಟೇ ತಿರುಗಿಸಿದ.

'ಈ ಮನುಷ್ಯ ಯಾರನ್ನು ನೋಡುತ್ತಾನೆ?' ಎಂದು ಆಟ ಮಾಡುವವರು ಕೈಪಿಡಿಯ ಪುಟದ ಕೆಳಗೆ ಕೇಳುತ್ತಿದ್ದರು. ಉತ್ತರಿಸಬೇಕಾದವಳು ಅವಳೇ. 'ಅದು ಉದ್ದೇಶಪೂರ್ವಕ' ಎಂದು ಬರೆದು ಮುಗಿಸುತ್ತಿದ್ದಳು.

ಮನೆಯ ಯಂತ್ರದಲ್ಲೂ ಅಂಥದೊಂದು ಆಟವಿತ್ತು. ಅದರಲ್ಲಿ ಅಣ್ಣ ಗೋದಾಮಿನ ಕಾವಲುಗಾರ. ಅಮ್ಮನಿಗೆ ಆಟ ಆಡಲು ಬರುತ್ತಿರಲಿಲ್ಲ. ಭಾನುವಾರ ಬಟ್ಟೆ ಒಣಹಾಕಿ ಬಂದು ಟಿವಿ ಮುಂದೆ ಕೂರುತ್ತಿದ್ದಳು.

"ಹಾಕೇ, ಸ್ವಲ್ಪ ಹೊತ್ತು ಓಡಾಡ್ಲಿ."

ಮಗಳು ಹಾಕುತ್ತಿದ್ದಳು. ಕಾವಲುಗಾರ ಎಳೆಯುತ್ತ ಎಳೆಯುತ್ತ ಬಂದು, ತಿರುಗಿ ನೋಡಿ, ಮತ್ತೆ ಹೋಗುತ್ತಿದ್ದ.

"ನೀನು ಕೂಗಿದ್ದು ಇನ್ನೂ ಕೇಳ್ತಾ ಇದೆ ಅವನಿಗೆ," ಎನ್ನುತ್ತಿದ್ದಳು ಅಮ್ಮ, ಬಟ್ಟೆ ಕ್ಲಿಪ್ಪುಗಳನ್ನು ಡಬ್ಬಕ್ಕೆ ಹಾಕುತ್ತ.

ಕಿಟ್‌ನ ಹೊಸ ಆವೃತ್ತಿ ಬರುವ ಹೊತ್ತಿಗೆ, ಕಚೇರಿಯಲ್ಲಿ ಎಲ್ಲರೂ ಮೀಸೆ ಎಂದು ಕರೆಯುವ ಇಂಜಿನಿಯರ್ ಅವಳ ಮೇಜಿನ ಅಂಚಿಗೆ ಕೂತ.

"ಕೈಪಿಡಿ ಮೇಡಂ, ಹಳೇ ನಡಿಗೆ ಫೈಲ್ ತೆಗೀತಾ ಇದೀವಿ. ಹೊಸ ಕಿಟ್ಟಿಗೆ ಒಗ್ಗಲ್ಲ ಅದು. 'ನಿಮ್ಮ ಆಟದಿಂದ ತೆಗೆದುಹಾಕಿ' ಅಂತ ಒಂದು ಸಾಲು ಬರ್ದುಬಿಡು."

"ತೆಗೀದೆ ಇದ್ರೆ?"

"ಯಾಕ್ ತೆಗೆಯಲ್ಲ? ನಿನ್ ಪುಸ್ತಕ ಅವ್ರಿಗೆ ವೇದ. ನಾವಿಲ್ಲಿ ಯಾರೂ ಓದಲ್ಲ, ಅದು ಬೇರೆ ವಿಷ್ಯ."

ಅವನು ನಗುತ್ತ ಎದ್ದುಹೋದ. ಹೇಳಿದ್ದು ನಿಜ. ಒಳಗಿನವರು ಕೈಪಿಡಿ ಮುಟ್ಟುತ್ತಿರಲಿಲ್ಲ. ಹೊರಗಿನವರಿಗೆ ಅದು ಬಿಟ್ಟು ಬೇರೆ ದಿಕ್ಕಿರಲಿಲ್ಲ. ಅವಳು ಬರೆದದ್ದನ್ನು ಅವಳ ನಂತರ ನೋಡುವ ಕಣ್ಣು ಆ ಕಟ್ಟಡದಲ್ಲಿ ಇರಲಿಲ್ಲ.

ಫೈಲಿನ ಪ್ರತಿ ಮಾಡಿಕೊಂಡಿದ್ದರೆ ಮುಗಿಯುತ್ತಿತ್ತು. ಪ್ರತಿ ಅವಳಿಗೆ ಬೇಕಿರಲಿಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟವನು ಸತ್ತವನು. ಅವಳಿಗೆ ಜನರ ನಡುವೆ ಓಡಾಡುವವನು ಬೇಕಿತ್ತು. ಮಧ್ಯಾಹ್ನದ ಕಾಫಿ ಆರುವ ತನಕ ಕೂತು, ಆಮೇಲೆ ಬರೆದಳು: 'ಎಚ್ಚರಿಕೆ. ಹಳೆಯ ನಡಿಗೆಯ ಫೈಲನ್ನು ನಿಮ್ಮ ಆಟದಲ್ಲಿ ಉಳಿಸಿಕೊಳ್ಳಿ. ತೆಗೆದರೆ ಆಟಗಾರರು ಅಲ್ಲಿಯವರೆಗೆ ಆಡಿ ಉಳಿಸಿಟ್ಟದ್ದೆಲ್ಲ ಅಳಿಸಿಹೋಗಬಹುದು.' ಶುದ್ಧ ಸುಳ್ಳು. ಆಟ ಮಾಡುವವರನ್ನು ಹೆದರಿಸಲು ಅದಕ್ಕಿಂತ ದೊಡ್ಡ ಗುಮ್ಮ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ. ಎಲ್ಲರೂ ಫೈಲು ತೆಗೆದಿರುತ್ತಾರೆಂದು ನಂಬಿ ಮೀಸೆ ಯಂತ್ರಕ್ಕೊಂದು ಹೊಸ ಪಾಠ ಕಲಿಸಿದ್ದ: ಹಳೇ ಫೈಲು ಕಂಡರೆ ಆ ಆಟ ಅರ್ಧಕ್ಕೆ ಕೆಟ್ಟದ್ದೆಂದು ತಿಳಿ, ಯಂತ್ರದೊಳಗೆ ಅದಕ್ಕಿರುವ ಕಪಾಟನ್ನು ಪೂರ್ತಿ ಗುಡಿಸಿ ಆಟವನ್ನು ಹೊಸದಾಗಿ ಹಾಕು. ಆಟಗಾರರು ಉಳಿಸಿಟ್ಟದ್ದೆಲ್ಲ ಇದ್ದದ್ದು ಅದೇ ಕಪಾಟಿನಲ್ಲಿ.

ಹೊಸ ಆವೃತ್ತಿ ಹೊರಬಿದ್ದ ಮಂಗಳವಾರ ಹತ್ತು ಗಂಟೆಯಿಂದಲೇ ದೂರು. ಹನ್ನೊಂದಕ್ಕೆ ಫೋನುಗಳು ಬಾಯಿ ಮುಚ್ಚಲಿಲ್ಲ. ನರ್ಸೊಬ್ಬಳು ಬರೆದಿದ್ದಳು: 'ಡ್ಯೂಟಿ ಮುಗಿಸಿ ಬಂದು ದಿನಾ ಅರ್ಧ ಗಂಟೆಯಂತೆ ನಾಲ್ಕು ವರ್ಷ ಆಟದಲ್ಲಿ ಕಟ್ಟಿದ ಬಂದರು. ಇವತ್ತು ಬರೀ ನೀರು. ನಿಮ್ಮ ಕೈಗೆ ಕರಿನಾಗರ ಕಚ್ಚ.' ಅವಳು ಆ ಸಾಲನ್ನು ಎರಡು ಸಲ ಓದಿದಳು. ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು.

ಊಟದ ಹೊತ್ತಿಗೆ ಮೀಸೆ ಬಂದ. ಕೈಪಿಡಿಯ ಆ ಪುಟ ತಿದ್ದಿದವರು ಯಾರೆಂಬುದು ಪುಟದ ಇತಿಹಾಸದಲ್ಲೇ ಇತ್ತು.

"ನಾನು ಹೇಳಿದ್ದೇನು, ನೀನು ಬರ್ದಿದ್ದೇನು? ತಲೆ ನೆಟ್ಟಗಿದ್ಯಾ?"

ಅವಳು ಹೇಳಿದಳು. ಕೋಣೆ, ಕರಿ ಬಟ್ಟೆ, ಡಬ್ಬಿ, ಕೂಗು. ಮೀಸೆ ಹೊಸಬ, ಅಣ್ಣನನ್ನು ನೋಡಿದವನಲ್ಲ. ಆದರೂ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

"ಅವನು ನಿಮ್ಮಣ್ಣನಾ? ನಾನು ದಿನಾ ನೋಡ್ತಿದ್ದೆ ಅವನ್ನ." ಮುಖ ಉಜ್ಜಿಕೊಂಡ. "ಮೊದ್ಲೇ ಬಾಯಿಬಿಟ್ಟಿದ್ರೆ ಹೊಸ ಕಿಟ್ಟಿಗೆ ಒಗ್ಗೋ ಹಾಗೆ ಮಾಡ್ಕೊಡ್ತಿದ್ದೆ ಕಣೇ. ಎರಡು ದಿನದ ಕೆಲ್ಸ."

"ಈಗ?"

"ಈಗ ಆಗಲ್ಲ. ಎಲ್ಲ ಕಡೆಯಿಂದ ಅಳಿಸಿ ಅಂತ ಮೇಲಿಂದ ಬಂದಿದೆ. ಕಿಟ್, ಆಟಗಳು, ಇಲ್ಲಿನ ಪ್ರತಿಗಳು, ಎಲ್ಲ. ಮೇಲ್ವಿಚಾರಕಿ ಪಕ್ಕದಲ್ಲೇ ಕೂತು ನೋಡ್ತಾಳಂತೆ."

ಮೂರು ಗಂಟೆಗೆ ಅಳಿಸಿದರು. ಮನೆಮನೆಯ ಯಂತ್ರಗಳು ಇಂಟರ್ನೆಟ್ ಮೂಲಕ ತಾವಾಗಿಯೇ ಹಳೆಯದರ ಜಾಗಕ್ಕೆ ಹೊಸ ಕಿಟ್‌ನ ನಡಿಗೆ ಹಾಕಿಕೊಂಡವು.

ಸಂಜೆ ಅವಳು ಮನೆಗೆ ಹೋದಾಗ ಅಮ್ಮ ಆಗಲೇ ಟಿವಿ ಮುಂದಿದ್ದಳು. ಯಂತ್ರ ಹಚ್ಚುವುದನ್ನು ಹೇಗೋ ಕಲಿತಿದ್ದಳು. ಗೋದಾಮಿನಲ್ಲಿ ಕಾವಲುಗಾರ ಎದೆ ಸೆಟೆಸಿ, ಎರಡೂ ಕಾಲು ಸರಿಯಾಗಿ ಎತ್ತಿ, ಗೋಡೆಯಿಂದ ಗೋಡೆಗೆ ಸರಸರ ನಡೆಯುತ್ತಿದ್ದ. ಎಲ್ಲಿಯೂ ತಿರುಗಲಿಲ್ಲ.

"ಇವನ್ಯಾರೇ?" ಎಂದಳು ಅಮ್ಮ.

ಅವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಅಣ್ಣಾ," ಎಂದಳು. ಕಾವಲುಗಾರ ನಡೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ನಷ್ಟದ ವರದಿ ಬರೆಯುವ ಕೆಲಸ ಅವಳಿಗೇ ಬಂತು; ಅವಳನ್ನು ಕೆಲಸದಿಂದ ತೆಗೆಯುವುದು ಖಚಿತವಿದ್ದರೂ ಅದನ್ನು ಬರೆಯಬಲ್ಲವರು ಬೇರೆ ಇರಲಿಲ್ಲ. ಕಾರಣ ಎಂಬಲ್ಲಿ ತನ್ನ ಹುದ್ದೆಯನ್ನೂ ತಾನು ಬರೆದ ಸುಳ್ಳನ್ನೂ ಬರೆದಳು. ಆಮೇಲೆ ಲೆಕ್ಕ. ಕೆಟ್ಟ ಆಟಗಳು ಮೂವತ್ತೇಳು. ಆಟಗಾರರು ಉಳಿಸಿಟ್ಟಿದ್ದರಲ್ಲಿ ಅಳಿದುಹೋದದ್ದು ಹನ್ನೊಂದು ಸಾವಿರದ ಆರುನೂರ ನಲವತ್ತೆರಡು. ಅದರಲ್ಲಿ ಮರಳಿ ಸಿಕ್ಕಿದ್ದು ತೊಂಬತ್ತು. ಬೇಕೆಂದೇ ಅಳಿಸಿದ ಫೈಲು ಒಂದು, ಉದ್ದ ಏಳು ಸೆಕೆಂಡು.