ರಾಕೆಟ್ಟಿನ ಹೊಟ್ಟೆಗೊಂದು ಬಾಗಿಲು

ಪೇಂಟರನಿಗೆ ದೇಶದ ಮೇಲಿದ್ದ ಅಭಿಮಾನ ಎಂಥದ್ದೆಂದರೆ, ದೇಶ ಆಟದಲ್ಲಿ ಗೆದ್ದ ದಿನ ಮನೆಯಲ್ಲಿ ಒಲೆ ಹೊತ್ತದಿದ್ದರೂ ಅವನ ಹೊಟ್ಟೆ ತುಂಬಿರುತ್ತಿತ್ತು. ಸೋತ ದಿನ ಬಡಿಸಿದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದ. "ಆಡಿ ಸೋತೋರು ಉಂಡು ಮಲಗಿರ್ತಾರೆ, ನೋಡಿದೋರಿಗೆ ಅಜೀರ್ಣ," ಎಂದು ಹೆಂಡತಿ ತಟ್ಟೆ ಎತ್ತುತ್ತಿದ್ದಳು.

ರಾಕೆಟ್ ಮೇಲೆ ಹೋದ ದಿನವಂತೂ ಅವನು ಟೀ ಅಂಗಡಿಯ ಟಿವಿ ಮುಂದೆ ನಿಂತು ಗಳಗಳ ಅತ್ತುಬಿಟ್ಟ. ಅಲ್ಲಿಂದ ಓಡಿ ಬಂದವನೇ ತಾಯಿಯ ಎರಡೂ ಕೈ ಹಿಡಿದುಕೊಂಡ. "ಕಳಿಸಿದ್ವಿ ಕಣಮ್ಮಾ! ನಾವು ಕಳಿಸಿದ್ವಿ, ನಾವು!"

ಅಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. "ನೀನ್ಯಾವಾಗ ಕಳಿಸಿದ್ಯೋ? ನಿನ್ನೆ ಇಡೀ ದಿನ ಕಟಿಂಗ್ ಶಾಪಿನ ಬೋರ್ಡು ಬರೀತಿದ್ದೆಯಲ್ಲ?"

ಅಮ್ಮನ ಮಾತು ಸುಳ್ಳಲ್ಲ. ಅವನ ಕುಂಚಕ್ಕೆ ಅಂಟಿಕೊಂಡದ್ದು ಅಂಥ ಕೆಲಸಗಳೇ. 'ಇಲ್ಲಿ ಉಗುಳಬಾರದು.' 'ನಾಯಿ ಇದೆ, ಎಚ್ಚರಿಕೆ.' ಮುಖ್ಯ ರಸ್ತೆಯ ಆಚೆ ಬದಿಗೆ ಇಡೀ ಓಣಿಗೆಂದು ಇದ್ದದ್ದು ಒಂದೇ ಒಂದು ಸಾರ್ವಜನಿಕ ಕಕ್ಕಸು. ಅದರ ಮೇಲಿನ 'ಗಂಡಸರು', 'ಹೆಂಗಸರು' ಕೂಡ ಅವನ ಕೈಯಕ್ಷರವೇ. ಅವಸರದಲ್ಲಿ ಓಡುವವರು ಯಾರೂ ಅದನ್ನು ನಿಂತು ಮೆಚ್ಚಲಿಲ್ಲ ಎಂಬ ಕೊರಗು ಅವನಿಗೆ ಒಳಗೊಳಗೇ ಇತ್ತು. ಹೀಗಿರುವಾಗ ದೇಶವೇ ಅವನನ್ನು ಹುಡುಕಿಕೊಂಡು ಓಣಿಗೆ ಬಂತು.

ದೂರದ ಯಾವುದೋ ದೊಡ್ಡ ದೇಶದ ದೊಡ್ಡ ಮನುಷ್ಯನೊಬ್ಬ ಅತಿಥಿಯಾಗಿ ಬರುವವನಿದ್ದ. ಅವನ ಕಾರು ಹೋಗುವುದು ಅದೇ ಮುಖ್ಯ ರಸ್ತೆಯಲ್ಲಿ. ರಸ್ತೆಯ ಈಚೆ ಬದಿಗೆ ಇವರ ಓಣಿ: ತಗಡಿನ ಮಾಡು, ತಗಡಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಒಣಹಾಕಿದ ಚಿಂದಿ. ಬಡವರ ಮನೆ ಎತ್ತರಿಸಲು ಸರ್ಕಾರಕ್ಕೆ ಮೂರು ತಲೆಮಾರು ಸಾಲದು. ಬಡವರನ್ನು ಮರೆಮಾಡುವ ಗೋಡೆ ಎತ್ತರಿಸಲು ಒಂದು ವಾರ ಧಾರಾಳ. ಇಟ್ಟಿಗೆ ಬಂತು, ಸಿಮೆಂಟು ಬಂತು, ಓಣಿ ಎಂದೂ ಕಾಣದಿದ್ದ ಸರ್ಕಾರಿ ಸಾಹೇಬರೂ ಬಂದರು. ಗೋಡೆಯ ಮೇಲೆ ದೇಶದ ಸಾಧನೆಗಳನ್ನು ಬರೆಯಲು ಪೇಂಟರನ್ನೇ ಕರೆದರು. ಒಂದು ಕೊನೆಗೆ ಅಣೆಕಟ್ಟು, ಇನ್ನೊಂದು ಕೊನೆಗೆ ಪದಕ ಗೆದ್ದ ಓಟಗಾರ್ತಿ, ನಟ್ಟನಡುವೆ ರಾಕೆಟ್. ಮೇಲೆ ದೇಶದ ಹೆಸರು ಬರೆಯಲು ಡಬ್ಬಿ ತುಂಬಾ ಬಂಗಾರದ ಬಣ್ಣ.

ಗೋಡೆ ಕಟ್ಟುತ್ತಿದ್ದ ಗಾರೆ ಕೆಲಸದವನು ಪೇಂಟರನ ಹೆಂಡತಿಯ ತಮ್ಮ. ಓಣಿಯ ಜನ ಕಕ್ಕಸಿಗೆ ಹೋಗಿಬರಲೆಂದು ಗೋಡೆಯ ನಡುವೆ ಒಬ್ಬರು ನುಸುಳುವಷ್ಟು ಸಂದು ಬಿಡಲು ಸಾಹೇಬರು ಅವನಿಗೆ ಹೇಳಿದ್ದರು. ಬಿಟ್ಟಿದ್ದ. ಸಾಹೇಬರ ಹೊಟ್ಟೆಯಲ್ಲೂ ಎಲ್ಲೋ ಒಂದು ತೊಟ್ಟು ಕರುಣೆ ಇತ್ತು. ಅದಕ್ಕೂ ಮಣ್ಣು ಹಾಕಿದವನು ನಮ್ಮ ಪೇಂಟರನೇ.

ಬೋರ್ಡು ಬರೆಯುವವರು ಮೊದಲು ಕಲಿಯುವುದು ನಡು ಹಿಡಿಯುವುದನ್ನು. ಸುಣ್ಣದ ಪುಡಿ ಸವರಿದ ದಾರವನ್ನು ಎಳೆದು ಕಟ್ಟಿ 'ಟಪ್' ಎಂದು ಬಿಟ್ಟರೆ ಗೋಡೆಯ ಮೇಲೆ ಬಿಳಿ ಗೆರೆ. ಮಿಕ್ಕದ್ದೆಲ್ಲ ಅದರ ಎಡಕ್ಕೆ, ಬಲಕ್ಕೆ. ಅಂದು ಪೇಂಟರ ದಾರ ಬಿಟ್ಟಾಗ ಟಪ್ ಎನ್ನಲಿಲ್ಲ. ಗೋಡೆಯ ನಡು ಸರಿಯಾಗಿ ಆ ಸಂದಿಗೇ ಬಿದ್ದಿತ್ತು.

"ಭಾವಮೈದ ಅಂತ ನಂಬಿದ್ರೆ ನಡುವಿಗೇ ಕೈಕೊಟ್ಟೆಯಲ್ಲೋ," ಎಂದು ಪೇಂಟರ ಕರೆದ. "ಈ ಸಂದು ಮುಚ್ಚು."

"ಭಾವ, ಜನ ಓಡಾಡೋಕೆ ಅಂತ ಸಾಹೇಬ್ರೇ ಬಿಡಿಸಿದ್ದು."

"ರಾಕೆಟ್ ಹೊಟ್ಟೇಲಿ ಸಂದಿದ್ರೆ ದೇಶದ ಮಾನ ಉಳಿಯುತ್ತೇನೋ?"

"ರಾಕೆಟ್ನ ಆ ಕಡೆ ಸರಿಸಿ ಬರೀರಿ."

"ನಡು ಬಿಟ್ಟಾ? ದೇಶವನ್ನ ಮೂಲೇಲಿ ಬರಿಯೋಕೆ ನಾನೇನು ಬೀಡಿ ಜಾಹೀರಾತು ಬರೀತಿದ್ದೀನಾ?"

"ಮತ್ತೆ ಜನ?"

"ಗೋಡೆ ಸುತ್ತಿ ಹೋಗ್ತಾರೆ. ದೇಶಕ್ಕೋಸ್ಕರ ನಾಲ್ಕು ಹೆಜ್ಜೆ ಜಾಸ್ತಿ ಹಾಕೋಕಾಗಲ್ವಾ?"

ಭಾವಮೈದ ಕರಣಿ ಎತ್ತಿಕೊಂಡ. "ನಿಮ್ಮಿಷ್ಟ. ಅಕ್ಕ ಕೇಳಿದ್ರೆ ನನ್ನ ಹೆಸರು ಮಾತ್ರ ಎತ್ಬೇಡಿ."

ಸಂದು ಮುಚ್ಚಿತು. ಸಾಹೇಬರು ಬಂದು, ಅಖಂಡವಾದ ಗೋಡೆಯನ್ನು ನೋಡಿ, ಇದೇ ಚೆನ್ನಾಗಿದೆ ಎಂದು ಕರುಣೆಯನ್ನು ಜೇಬಿಗಿಳಿಸಿ ಹೊರಟುಹೋದರು. ರಾಕೆಟ್ ಮಾತ್ರ ಬೆಳೆಯಿತು. ಬೆಳ್ಳಿ ಮೈ, ಕೆಂಪು ಮೂಗು, ಬಾಲದಲ್ಲಿ ಬೆಂಕಿ. ಇತ್ತ ಓಣಿಯ ಜನ ಚೊಂಬು ಹಿಡಿದು, ಗೋಡೆಯ ಉದ್ದಕ್ಕೂ ನಡೆದು, ಮೂಲೆಯ ಕೊಚ್ಚೆ ಚರಂಡಿ ಹಾರಿ, ಮತ್ತೆ ಗೋಡೆಯ ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸು ಬರಬೇಕಾಯಿತು. ಬೈಗುಳಕ್ಕೆ ಬರವಿರಲಿಲ್ಲ.

"ಆ ಸಂದು ಮುಚ್ಚಿಸಿದೋನ ಕೈ ಸೇದಿಹೋಗ!" ಎಂದು ಪೇಂಟರನ ಹೆಂಡತಿ ಹೊಸ್ತಿಲಲ್ಲಿ ನಿಂತು ಕೂಗುವಳು. ಒಳಗೆ ಪೇಂಟರ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುವನು.

"ಅವನಿಗೆ ಭೇದಿ ಕಿತ್ಕೊಂಡು ಹೋಗ! ಆಗ ಗೊತ್ತಾಗುತ್ತೆ!"

"ಸಾಕು ಬಿಡೇ," ಎನ್ನುವನು ಪೇಂಟರ ಹೊಟ್ಟೆ ಸವರಿಕೊಂಡು. "ಪಾಪ, ಅವನಿಗೂ ಏನು ಕಷ್ಟವಿತ್ತೋ."

ಮೂರನೆಯ ದಿನ ಬೆಳಿಗ್ಗೆ ಅಮ್ಮ ಚರಂಡಿಗೆ ಜಾರಿದಳು. ಇಬ್ಬರು ಹೆಂಗಸರು ಎತ್ತಿ ತಂದು ಕೂರಿಸಿದಾಗ ಸೊಂಟದಿಂದ ಕೆಳಗೆ ಕೊಚ್ಚೆ.  ಸೊಸೆ ಮೈ ತೊಳೆಸಿ ಗಂಜಿ ತಂದಿಟ್ಟರೆ ಅಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

"ಬೇಡ ಕಣವ್ವ. ನೀರೂ ಬೇಡ. ಒಳಗೆ ಹೋದ್ರೆ ತಾನೇ ಹೊರಗೆ ಬರೋದು?"

ಬಿಸಿಲು ಸುಡುತ್ತಿತ್ತು. ಸಂಜೆಯ ಹೊತ್ತಿಗೆ ಅಮ್ಮನ ತುಟಿ ಬಿರಿದಿತ್ತು. ಪೇಂಟರ ಲೋಟ ಹಿಡಿದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ದೇಶ ಸೋತಾಗ ಊಟ ಬಿಡುತ್ತಿದ್ದವನು ಅವನು. ದೇಶ ಗೆದ್ದಾಗ ಊಟ ಬಿಡಬೇಕಾಗಿ ಬಂದವಳು ಅವನ ತಾಯಿ. 

"ಅಮ್ಮಾ, ಕುಡಿ. ಸಂದು ಮುಚ್ಚಿಸಿದ್ದು ನಾನೇ."

ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದೇ ತಿರುಗಿದಳು. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ತಮ್ಮ ಲೋಟ ಕೆಳಗಿಟ್ಟು ಸದ್ದಿಲ್ಲದೆ ಎದ್ದ.

"ಕೂತ್ಕೋ!" ಎಂದಳು. ಕೂತ. "ನಿಂಗೂ ಗೊತ್ತಿತ್ತಾ?"

"ನಾನು ಹೇಳ್ದೆ ಅಕ್ಕ. ಭಾವ ದೇಶ ಅಂದ್ರು."

"ಮೂರು ದಿನದಿಂದ ನಾನು ಶಾಪ ಹಾಕಿದ್ದು ನನ್ನ ತಾಳಿಗೇನಾ?" ಎಂದು ಗಂಡನ ಕಡೆ ತಿರುಗಿದವಳು, ಒಂದು ಗಳಿಗೆ ಯೋಚಿಸಿ, "ಹೋಗ್ಲಿ, ಹಾಕಿದ್ದು ಹಾಕಿದ್ದೇ. ವಾಪಸ್ ತಗೊಳಲ್ಲ. ಒಡೀರಿ ಆ ಗೋಡೆ."

"ನಾಡಿದ್ದು ಅತಿಥಿ ಬಂದು ಹೋಗ್ಲಿ ಕಣೇ. ಆಮೇಲೆ ನಾನೇ..."

"ಹೌದಾ? ಹಾಗಾದ್ರೆ ನಿಮ್ಮಮ್ಮನ ಹೊಟ್ಟೆಗೆ ನೀವೇ ಒಂದು ಮಾತು ಹೇಳಿ. ದೇಶದ ಮರ್ಯಾದೆ ಪ್ರಶ್ನೆ, ನಾಡಿದ್ದಿನವರೆಗೆ ಸುಧಾರಿಸ್ಕೋ ಅಂತ."

ಪೇಂಟರ ಅಮ್ಮನ ಹೊಟ್ಟೆಯನ್ನು ನೋಡಿದ. ಹಾರೆ ಎಲ್ಲಿದೆ ಎಂದು ಭಾವಮೈದನನ್ನು ಕೇಳಿದ.

ಮರುದಿನ ಬೆಳಕು ಹರಿಯುತ್ತಲೇ ಭಾವ, ಭಾವಮೈದ ಸೇರಿ ರಾಕೆಟ್ಟಿನ ಹೊಟ್ಟೆಗೆ ಹಾರೆ ಹಾಕಿದರು. ಸಂದು ತೆರೆಯಿತು. ತೆರೆದ ಸಂದು ಕಂಡರೆ ಸಾಹೇಬರು ಬಿಟ್ಟಾರೆಯೇ? ಪೇಂಟರ ಮನೆಗೆ ಬಂದು ಸುತ್ತ ನೋಡಿದ. ಆ ಮನೆಯಲ್ಲಿ ನೆಟ್ಟಗೆ ಇದ್ದದ್ದು ಒಂದೇ, ಮುಂಬಾಗಿಲು. ಅದನ್ನೇ ಕಳಚಿದ. ಅದರ ಜಾಗಕ್ಕೆ ಹೆಂಡತಿ ಗೋಣಿತಾಟು ಕಟ್ಟಿದಳು. ಬಾಗಿಲು ಸಂದಿಗೆ ಕೂತಿತು. ಮೇಲೆ ಬೆಳ್ಳಿ ಬಣ್ಣ ಏರಿತು, ಸುತ್ತ ಗುಂಡುಗುಂಡಗೆ ಮೊಳೆಗಳು, ನಡುವೆ ದುಂಡನೆಯ ಕಿಟಕಿ. ಮುಚ್ಚಿದರೆ ರಾಕೆಟ್, ತೆರೆದರೆ ದಾರಿ. ಓಣಿಯ ಹೆಂಗಸರು ಸಾಲಾಗಿ ಅದರೊಳಗಿಂದ ಹೋಗಿಬಂದರು. ಅಮ್ಮ ಹೋಗಿಬಂದು, ಗಂಜಿ ಕುಡಿದು, ಬಿಟ್ಟ ಊಟಗಳ ಬಾಕಿಯನ್ನೂ ಒಂದೇ ಪಟ್ಟಿಗೆ ತೀರಿಸಿದಳು.

ಮಧ್ಯಾಹ್ನ ಪರೀಕ್ಷೆಗೆ ಬಂದ ಸಾಹೇಬರು ಬೆರಗಾದರು. "ಎಷ್ಟು ನೈಜವಾಗಿ ಬರೆದಿದ್ದೀರ್ರೀ! ಕೀಲು ಕೂಡ ಎದ್ದು ಕಾಣ್ತಿದೆ!" ಎಂದು ಕೈ ಚಾಚಿದರು.

"ಮುಟ್ಟಬೇಡಿ ಸಾರ್! ಹಸಿ ಇದೆ."

"ಭೇಷ್. ನಾಳೆ ಅತಿಥಿಗಳ ಕಾರು ಇಲ್ಲೇ ನಿಲ್ಲುತ್ತೆ. ನೀವು ರಾಕೆಟ್ ಮುಂದೆ ನಿಂತಿರಿ. ಅವರು ನಿಮ್ಮ ಕೈ ಕುಲುಕ್ತಾರೆ."

ಕೈ ಕುಲುಕುತ್ತಾರೆ! ಪೇಂಟರ ಮನೆಗೆ ಬಂದು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿದ. ಸೋಪಿನಲ್ಲಿ ತಿಕ್ಕಿದ. ಉಗುರುಸಂದಿಯ ಬಣ್ಣವನ್ನು ಹಲ್ಲುಕಡ್ಡಿಯಲ್ಲಿ ಕೆದಕಿದ. ಕಾರುಗಳು ಹೋಗುವವರೆಗೆ ಯಾರೂ ಬಾಗಿಲ ಹತ್ತಿರ ಸುಳಿಯಬಾರದು ಎಂದು ಮನೆಮನೆಗೆ ಹೋಗಿ ಕೈಮುಗಿದ. ತೊಳೆದ ಕೈ ಎಂದು ಅದನ್ನೂ ಮೆಲ್ಲಗೆ ಮುಗಿದ.

ಮರುದಿನ ಕಾರುಗಳು ಬಂದವು. ರಸ್ತೆಯ ತುಂಬ ಪೊಲೀಸರು, ಕ್ಯಾಮೆರಾಗಳು. ಇಸ್ತ್ರಿ ಅಂಗಿಯ ಪೇಂಟರ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದ. ಅತಿಥಿ ಇಳಿದ, ಅಣೆಕಟ್ಟು ನೋಡಿ ತಲೆದೂಗಿದ, ಅದನ್ನು ದಾಟಿ ರಾಕೆಟ್ಟಿನ ಕಡೆ ಬರತೊಡಗಿದ. ಪಕ್ಕದಲ್ಲಿ ದುಭಾಷಿ, ಹಿಂದೆ ಸಾಹೇಬರು. ಪೇಂಟರ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಬೆನ್ನಿಗೆ ಟಕಟಕ ಎಂದಿತು.

"ಯಾರಪ್ಪಾ ಬಾಗಿಲಿಗೆ ಒರಗಿರೋದು? ಸರಿ ಆಚೆ."

ಪೇಂಟರ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಅಮ್ಮಾ, ಅವರು ಬಂದೇಬಿಟ್ರು. ಸ್ವಲ್ಪ ತಡ್ಕೋ."

"ತಡ್ಕೊಂಡು ತಡ್ಕೊಂಡೇ ಇಷ್ಟು ವಯಸ್ಸಾಯ್ತು ಕಣೋ."

ಅಮ್ಮ ಮತ್ತೆ ಬಾಗಿಲು ತಟ್ಟಲಿಲ್ಲ. ಬಕೆಟ್ ಕೆಳಗಿಟ್ಟ ಸದ್ದಾಯಿತು; ಮಗ ಎಂದು ಗೊತ್ತಾದ ಮೇಲೆ ಆಕೆ ಕಾಯಲು ನಿಂತಿದ್ದಳು, ಅದೇ ಅವನಿಗೆ ಚುಚ್ಚಿತು. ಅತಿಥಿ ನಗುತ್ತಾ ಕೈ ಮುಂದೆ ಮಾಡಿದ್ದ. ದೊಡ್ಡ, ಬೆಳ್ಳನೆಯ, ಮೆತ್ತನೆಯ ಕೈ. ನಾಳೆ ಪೇಪರಿನಲ್ಲಿ ಬರುವ ಕೈ.

ಪೇಂಟರ ಪಕ್ಕಕ್ಕೆ ಸರಿದ.

ರಾಕೆಟ್ಟಿನ ಹೊಟ್ಟೆ ಕಿರ್ರೆಂದು ತೆರೆಯಿತು. ಒಳಗಿಂದ ಮೊದಲು ಒಂದು ಹಸಿರು ಪ್ಲಾಸ್ಟಿಕ್ ಬಕೆಟ್ ಬಂತು, ಹಿಂದೆ ಅಮ್ಮ ಬಂದಳು. ಚಾಚಿದ ಕೈ ಚಾಚಿದಂತೆಯೇ ಇತ್ತು. ಅದಕ್ಕೆ ಸಿಕ್ಕಿದ್ದು ಅಮ್ಮನ ಕೈ. ಅತಿಥಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಲುಕಿದ. ಕ್ಯಾಮೆರಾಗಳು ಮಿಂಚಿದವು.

"ಬಿಡಪ್ಪಾ, ಹೋಗ್ಬೇಕು. ಅರ್ಜೆಂಟು," ಎಂದಳು ಅಮ್ಮ.

ದುಭಾಷಿ ಸಾಹೇಬರ ಮುಖ ನೋಡಿದ. ಅಲ್ಲಿ ರಕ್ತ ಇರಲಿಲ್ಲ. ಸಂಬಳ ತಿನ್ನುವ ನಾಲಿಗೆ, ತಾನೇ ದಾರಿ ಕಂಡುಕೊಂಡಿತು. ನಮ್ಮ ದೇಶಕ್ಕೆ ಮುಂದೆ ಹೋಗುವ ಆತುರ, ಯಾರೂ ತಡೆಯಲಾರರು ಎಂದು ಈ ಹಿರಿಯ ಗಗನಯಾತ್ರಿ ಹೇಳುತ್ತಿದ್ದಾರೆ ಎಂದು ಅತಿಥಿಗೆ ತಿಳಿಸಿದ. ಅತಿಥಿ ರೋಮಾಂಚನಗೊಂಡು ಚಪ್ಪಾಳೆ ತಟ್ಟಿದ. ಸಾಹೇಬರೂ ತಟ್ಟಿದರು. ತಟ್ಟದೆ ಏನು ಮಾಡುತ್ತಾರೆ? ಬಾಗಿಲು ತೆರೆದದ್ದೇ ತಡ, ಬೆಳಿಗ್ಗೆಯಿಂದ ಕಾದಿದ್ದ ಹೆಂಗಸರೆಲ್ಲ ಬಕೆಟ್ಟು, ಚೊಂಬು, ಡಬ್ಬ ಹಿಡಿದು ಒಬ್ಬರ ಹಿಂದೆ ಒಬ್ಬರು ರಾಕೆಟ್ಟಿನಿಂದ ಇಳಿಯತೊಡಗಿದ್ದರು. ಅತಿಥಿ ಒಬ್ಬೊಬ್ಬರಿಗೂ ಸಲ್ಯೂಟ್ ಹೊಡೆದ. ಅವನ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಪೊಲೀಸರು. ಓಣಿಯ ಹೆಂಗಸರಿಗೆ ಸರ್ಕಾರ ಸಲ್ಯೂಟ್ ಹೊಡೆದದ್ದು ಅದೇ ಮೊದಲು. ಯಾವ ಹೆಂಗಸಿಗೂ ನಿಂತು ನೋಡುವಷ್ಟು ಪುರುಸೊತ್ತಿರಲಿಲ್ಲ.

ಪೇಂಟರನ ತಿಕ್ಕಿ ತೊಳೆದ ಕೈಯನ್ನು ಯಾರೂ ಕುಲುಕಲಿಲ್ಲ.

ಮರುದಿನ ಸಾಹೇಬರು ಇಟ್ಟಿಗೆ ತುಂಬಿದ ಗಾಡಿಯೊಂದಿಗೆ ಬಂದರು. "ಬಾಗಿಲು ಕೀಳಿಸ್ತೀನಿ. ನಿನ್ನ ಕೈಗೆ ಇನ್ನು ಕುಂಚ ಸಿಗದ ಹಾಗೆ ಮಾಡ್ತೀನಿ," ಎಂದು ಕೂಗುತ್ತಿದ್ದಾಗಲೇ ಅವರ ಫೋನು ಬಡಿದುಕೊಂಡಿತು. ಫೋಟೊ ದೇಶದೇಶದ ಪೇಪರುಗಳಲ್ಲಿ ಬಂದಿತ್ತು. ಇಷ್ಟೊಂದು ಅಜ್ಜಿಯರನ್ನು ಆಕಾಶಕ್ಕೆ ಕಳಿಸಿದ ದೇಶವನ್ನು ತಾನು ಕಂಡಿಲ್ಲ ಎಂದು ಅತಿಥಿ ಹೇಳಿದ್ದ. ಆ ಬಾಗಿಲು ಈಗ ದೇಶದ ಸಾಧನೆ, ಅದನ್ನು ಮುಟ್ಟಕೂಡದು ಎಂದು ಮೇಲಿನಿಂದ ಅಪ್ಪಣೆ. ಸಾಹೇಬರು "ಆಯ್ತು ಸಾರ್" ಎಂದು ಫೋನಿಗೆ ಬಗ್ಗಿ, ನೆಟ್ಟಗಾಗಿ, ಪೇಂಟರನ ಕಡೆ ನೋಡದೆ ಹೇಳಿದರು: "ಬಂಗಾರದ ಬಣ್ಣ ಉಳಿದಿದೆಯಲ್ಲ. ಬಾಗಿಲ ಮೇಲೆ ಏನಾದ್ರೂ ಬರೀರಿ. ದೇಶದ ಬಗ್ಗೆ."

ಪೇಂಟರ ದಾರಕ್ಕೆ ಸುಣ್ಣ ಸವರಿ ನಡು ಹಿಡಿದ. ಟಪ್ ಎಂದಿತು. ಎಂದೂ ಯಾವ ಅಂಗಡಿಗೂ ಬರೆಯದಷ್ಟು ಚೆಂದಾಗಿ, ದುಂಡಗೆ, ನೆರಳು ಕೊಟ್ಟು ಬರೆದ: 'ದಾರಿ'. ಕೆಳಗೆ ಕಕ್ಕಸಿನ ಕಡೆಗೆ ಒಂದು ಬಾಣ.

ಅಮ್ಮ ಬಕೆಟ್ ಹಿಡಿದು ಬಂದಳು. ಓದಲು ಬಾರದ ಕಣ್ಣನ್ನು ಕಿರಿದು ಮಾಡಿ ಮೇಲೆ ನೋಡಿದಳು.

"ಏನು ಬರ್ದೆ?"

"ದಾರಿ ಅಂತ."

"ಅದು ಕಾಣ್ತಾ ಇದೆಯಲ್ಲೋ. ಸರಿ ಆಚೆ," ಎಂದು ಅವನನ್ನು ಬದಿಗೆ ತಳ್ಳಿ ರಸ್ತೆ ದಾಟಿದಳು.

ಪೇಂಟರ ಹಸಿ ಬಣ್ಣಕ್ಕೆ ಉಫ್ ಎಂದು ಊದುತ್ತಾ ನಿಂತ. ಆಚೆ ಬದಿಯ ಸಾಲಿನಲ್ಲಿ ಅಮ್ಮ ಯಾರಿಗೋ ಬಕೆಟ್ ಎತ್ತಿ ತೋರಿಸುತ್ತಾ ದೊಡ್ಡ ಗಂಟಲಲ್ಲಿ ಹೇಳುತ್ತಿದ್ದಳು:

"ಆ ಬಾಗಿಲು ನಾವು ಮಾಡಿದ್ದು ಕಣೇ, ನಾವು!"

ನೀನ್ಯಾವಾಗ ಮಾಡಿದ್ಯಮ್ಮಾ ಎಂದು ಕೇಳುವ ಹಾಗಿರಲಿಲ್ಲ. ಬಾಗಿಲು ಕೊಟ್ಟ ಅವರ ಮನೆಗೆ ಇನ್ನೂ ಗೋಣಿತಾಟೇ ಇತ್ತು.