ಮಿಂಚಿ ಗೆದ್ದ ಕುಕ್ಕರ್

ಎಂಬತ್ಮೂರರ ಬೇಸಿಗೆಯಲ್ಲಿ ಮಾರತ್ತಹಳ್ಳಿಯ ಬಯಲಿನಲ್ಲಿ ನಾಯಿಗಳ ಓಟ ನಡೆಯಿತು. ಸೊಣ್ಣಮ್ಮ ಸಾಕಿದ್ದ ಬೇಟೆನಾಯಿ ಮಿಂಚಿ ಎಲ್ಲವನ್ನೂ ಹಿಂದೆ ಹಾಕಿದ್ದಲ್ಲದೆ, ನಾಯಿಗಳು ಅಟ್ಟಿಸಿಕೊಂಡು ಬರಲೆಂದು ಮೊಪೆಡ್ಡಿನ ಹಿಂದೆ ಕಟ್ಟಿದ್ದ ಕುರಿತೊಗಲನ್ನು ಕಚ್ಚಿಯೇ ಬಿಟ್ಟಿತು. ಮೊಪೆಡ್ಡಿನವನು ಗಾಬರಿಯಲ್ಲಿ ಗಾಡಿಯನ್ನು ಬದುವಿಗೆ ಹತ್ತಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಹುಮಾನ ಒಂದು ಪ್ರೆಶರ್ ಕುಕ್ಕರ್. ಆದರೆ ಹಿಂದಿನ ವರ್ಷ ಯಾರೋ ನಾಯಿಗೆ ಮಾತ್ರೆ ನುಂಗಿಸಿ ಓಡಿಸಿದ್ದರಿಂದ, ಗೆದ್ದ ನಾಯಿಯ ಮೂತ್ರ ಪರೀಕ್ಷೆ ಆಗಲೇಬೇಕೆಂದು ಓಟದ ಸಂಘದವರು ಕಟ್ಟುಮಾಡಿದ್ದರು. ಪೀಣ್ಯದ ಔಷಧ ಕಾರ್ಖಾನೆಯ ಕೆಮಿಸ್ಟ್ ದ್ವಾರಕಾನಾಥರು ಪರೀಕ್ಷೆ ಮಾಡಿ, ಅಫೀಮಿನ ಅಂಶ ಇದೆ ಎಂದರು. ಕುಕ್ಕರ್ ಎರಡನೆಯ ಸ್ಥಾನದ ದೊಡ್ಡಮುನಿಯಪ್ಪನ ಮನೆ ಸೇರಿತು.

ಸೊಣ್ಣಮ್ಮ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಫಲಿತಾಂಶ ಹೇಳಿ ಹೊರಟಿದ್ದ ದ್ವಾರಕಾನಾಥರ ಸ್ಕೂಟರಿಗೆ ಅಡ್ಡ ನಿಂತಳು.

"ಅಫೀಮು ಯಾವ ಬಣ್ಣ ಅಂತಾನೇ ನಂಗೊತ್ತಿಲ್ಲ ಸ್ವಾಮಿ. ನಾನ್ ಆಕಿದ್ದು ಮುದ್ದೆ, ಬಸ್ಸಾರು. ಅಷ್ಟೇಯ."

"ಬೇರೆ ಎಲ್ಲಾದ್ರೂ ಬಾಯಿ ಹಾಕಿತ್ತೇನಮ್ಮ?"

"ಓಟದ್ ದಿನ ಬೆಳಿಗ್ಗೆ ಪಕ್ಕದ್ಮನೆ ವಸಂತಮ್ಮನ ಮೊಮ್ಮಗಳ ನಾಮಕರಣ. ಇತ್ಲಿನ ತಿಪ್ಪೆಗೆ ಎಸೆದಿದ್ ಎಂಜಲೆಲೆ ಎಲ್ಲಾ ನೆಕ್ಕಿ ಬಂದಿತ್ತು. ಪಾಯಸ ಅಂದ್ರೆ ಪ್ರಾಣ ಅದ್ಕೆ."

"ಏನು ಪಾಯಸ?"

"ಗಸಗಸೇದು."

ದ್ವಾರಕಾನಾಥರು ಸ್ಕೂಟರ್ ಆರಿಸಿದರು. ಅಫೀಮು, ಗಸಗಸೆ ಎರಡೂ ಒಂದೇ ಗಿಡದವು. ಇದು ತಮಗೆ ಮೊದಲೇ ಹೊಳೆಯಬೇಕಿತ್ತು ಎನಿಸಿ ಕಿವಿ ಬಿಸಿಯಾಯಿತು.

ಅಂದು ಸಂಜೆ ಹೆಂಡತಿಗೆ ಗಸಗಸೆ ಪಾಯಸ ಮಾಡಲು ಹೇಳಿದರು.

"ಹಬ್ಬ ಯಾವ್ದೂ ಇಲ್ವಲ್ರೀ" ಎಂದಳು ಪಂಕಜಾ.

"ಪರೀಕ್ಷೆ ಇದೆ. ಎರಡು ಲೋಟ ಕೊಡು."

ಕುಡಿದು ಸೊಗಸಾಗಿ ನಿದ್ದೆ ಮಾಡಿ, ಮರುದಿನ ಕಾರ್ಖಾನೆಯಲ್ಲಿ ತಮ್ಮದೇ ಮೂತ್ರವನ್ನು ಪರೀಕ್ಷಿಸಿದರು. ಪರೀಕ್ಷೆಯ ಗಾಜಿನ ಪಟ್ಟಿಯ ಮೇಲೆ, ಮಿಂಚಿಯ ಮೂತ್ರಕ್ಕೆ ಮೂಡಿದ್ದ ಅಫೀಮಿನ ಕಲೆಯೇ ಮೂಡಿತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಶ್ಯಾಮಸುಂದರ ಇಣುಕಿ ನೋಡಿ, "ಸಾರ್, ನೀವೂ ಓಟದಿಂದ ಔಟ್" ಎಂದ.

ಭಾನುವಾರ ಅವರು ಸಂಘದವರ ಮುಂದೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. "ಈ ಪರೀಕ್ಷೆ ಅಫೀಮಿನ ಅಂಶ ಸಾಸಿವೆಯಷ್ಟಿದ್ರೂ ಹಿಡಿಯುತ್ತೆ. ಆದ್ರೆ ಅದು ಹೇಗೆ ಹೊಟ್ಟೆಗೆ ಹೋಯ್ತು ಅಂತ ಹೇಳಲ್ಲ. ಅದನ್ನ ನಾನು ಕೇಳಬೇಕಿತ್ತು, ಕೇಳಲಿಲ್ಲ."

ದೊಡ್ಡಮುನಿಯಪ್ಪ ಎದ್ದು ಮನೆಗೆ ಹೋಗಿ ಕುಕ್ಕರ್ ತಂದು ಸೊಣ್ಣಮ್ಮನ ಕೈಗಿಟ್ಟ. ಮುಖ ಸ್ವಲ್ಪ ಸಣ್ಣದಾಗಿತ್ತು.

"ಒಂದ್ಸಲ ಕೋಳಿ ಬೇಯಿಸ್ಬಿಟ್ವಿ ಅಕ್ಕ."

"ಬೆಂತಾ?"

"ಚೆನ್ನಾಗ್ ಬೆಂತು."

"ಅಂಗಾರೆ ಸರ್ಯಾಗೈತೆ, ಬಿಡು" ಎಂದು ಸೊಣ್ಣಮ್ಮ ಅದನ್ನು ಸೊಂಟಕ್ಕಿಟ್ಟುಕೊಂಡು ನಡೆದಳು.